ಮಗು ತನ್ನ ಹಾಸಿಗೆಯಲ್ಲೇ ಮಲಗಲಿ ಎಂದ ಡಾಕ್ಟರ್ ಸ್ಪಾಕ್: ಹೇಳಿದ್ದರಲ್ಲಿ ಸರಿ ಎಷ್ಟು, ತಪ್ಪು ಎಷ್ಟು?

ಎರಡು ವರ್ಷದ ಮಗು ರಾತ್ರಿ ಹತ್ತಾದರೂ ಮಲಗುವುದಿಲ್ಲ. ಹೇಗೋ ಮಲಗಿಸಿದರೆ ಎರಡು ಗಂಟೆಗೆ ಎದ್ದು ಅಳು. ತನ್ನ ಹಾಸಿಗೆ ಬೇಡ, ಅಪ್ಪ-ಅಮ್ಮನ ನಡುವೆಯೇ ಜಾಗ ಬೇಕು. ನಿದ್ದೆಗೆಟ್ಟ ಕಣ್ಣಲ್ಲಿ ಮೊಬೈಲ್ ತೆರೆದರೆ ಅಲ್ಲಿ ಉಪದೇಶಕ್ಕೇನೂ ಬರವಿಲ್ಲ. ಮೂರು ರಾತ್ರಿ ಅಳಲು ಬಿಡಿ, ಎಲ್ಲ ಸರಿಹೋಗುತ್ತದೆ ಎನ್ನುತ್ತದೆ ಒಂದು ಫಾರ್ವರ್ಡ್. ಒಂದು ರಾತ್ರಿ ಅಳಲು ಬಿಟ್ಟರೂ ಮಗುವಿನ ಮೆದುಳು ಹಾಳಾಗುತ್ತದೆ ಎನ್ನುತ್ತದೆ ಇನ್ನೊಂದು. ಯಾವುದನ್ನು ನಂಬುವುದು?

ಈ ಜಗಳ ವಾಟ್ಸ್ಆ್ಯಪ್‌ಗಿಂತ ಬಹಳ ಹಳೆಯದು. ಅದರ ಮಧ್ಯೆ ಪದೇ ಪದೇ ಬರುವ ಒಂದು ಹೆಸರು ಅಮೆರಿಕದ ಮಕ್ಕಳ ವೈದ್ಯ ಬೆಂಜಮಿನ್ ಸ್ಪಾಕ್. 20ನೇ ಶತಮಾನದಲ್ಲಿ ಮಕ್ಕಳನ್ನು ಹೇಗೆ ಬೆಳೆಸಬೇಕು, ಹೇಗೆ ಮಲಗಿಸಬೇಕು ಎಂದು ಇವರಷ್ಟು ಜನರಿಗೆ ಹೇಳಿದ ವೈದ್ಯರು ವಿರಳ. ಇವರ ಸುತ್ತ ಹಬ್ಬಿದ ಸುಳ್ಳುಗಳೂ ಕಡಿಮೆಯೇನಲ್ಲ. ಹಾಗಾಗಿ ನಾವು ಈ ಬಾರಿ ಒಂದು ಫಾರ್ವರ್ಡ್ ಬದಲು ಒಬ್ಬ ಮನುಷ್ಯನ ಜೀವನವನ್ನೇ ಕೈಗೆತ್ತಿಕೊಂಡಿದ್ದೇವೆ. ಅವರು ಹೇಳಿದ್ದರಲ್ಲಿ ಏನು ಉಳಿಯಿತು, ಏನು ಬಿದ್ದುಹೋಯಿತು ಎಂದು ತಿಳಿದರೆ ಇಂದು ರಾತ್ರಿ ನಿಮ್ಮ ಮಗುವನ್ನು ಮಲಗಿಸುವಾಗಲೂ ಉಪಯೋಗಕ್ಕೆ ಬರುತ್ತದೆ.

ಚಳಿಯಲ್ಲಿ ಮಲಗಿದ ಹುಡುಗ

ಸ್ಪಾಕ್ ಹುಟ್ಟಿದ್ದು 1903ರ ಮೇ 2ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಊರಿನಲ್ಲಿ. ತಂದೆ ರೈಲ್ವೆ ಕಂಪನಿಯೊಂದರ ವಕೀಲ. ಆರು ಮಕ್ಕಳಲ್ಲಿ ಇವರೇ ದೊಡ್ಡವರು. ತಮ್ಮ ತಂಗಿಯರನ್ನು ನೋಡಿಕೊಳ್ಳುವ ಕೆಲಸ ಸಹಜವಾಗಿ ಇವರ ಪಾಲಿಗೂ ಬಂತು. ತಾಯಿ ಮಿಲ್ಡ್ರೆಡ್ ಪ್ರೀತಿಯ ಜೊತೆಗೆ ಬಹಳ ಕಟ್ಟುನಿಟ್ಟಿನ ಹೆಂಗಸು. ತಾಜಾ ಗಾಳಿಯೇ ಆರೋಗ್ಯದ ಮೂಲ ಎಂಬುದು ಅವರ ನಂಬಿಕೆ. ಹೀಗಾಗಿ ಮಕ್ಕಳು ಮಲಗುತ್ತಿದ್ದುದು ಬಿಸಿ ಮಾಡುವ ವ್ಯವಸ್ಥೆ ಇಲ್ಲದ ತೆರೆದ ಜಗಲಿಯಲ್ಲಿ, ಹಿಮ ಬೀಳುವ ಚಳಿಗಾಲದಲ್ಲೂ ಅಲ್ಲೇ.

ಆ ಕಾಲಕ್ಕೆ ಇದೇನೂ ವಿಚಿತ್ರವಾಗಿರಲಿಲ್ಲ. ಅಮೆರಿಕದ ಓದುಬರಹ ಬಲ್ಲ ತಾಯಂದಿರ ಕೈಯಲ್ಲಿ ಆಗ ಇದ್ದುದು ಲೂಥರ್ ಎಮ್ಮೆಟ್ ಹೋಲ್ಟ್ ಎಂಬ ವೈದ್ಯರು 1894ರಲ್ಲಿ ಬರೆದ ಶಿಶುಪಾಲನೆಯ ಪುಸ್ತಕ. ಗಡಿಯಾರ ನೋಡಿ ಹಾಲು, ಗಡಿಯಾರ ನೋಡಿ ನಿದ್ದೆ, ಸುಮ್ಮನೆ ಅತ್ತರೆ ಎತ್ತಿಕೊಳ್ಳಬಾರದು ಎಂಬುದು ಅದರ ದಾರಿ. 1928ರಲ್ಲಿ ಮನೋವಿಜ್ಞಾನಿ ಜಾನ್ ವಾಟ್ಸನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಕ್ಕಳನ್ನು ಮುದ್ದಿಸಬಾರದು, ಮಡಿಲಲ್ಲಿ ಕೂರಿಸಿಕೊಳ್ಳಬಾರದು, ಬೆಳಿಗ್ಗೆ ಕೈ ಕುಲುಕಿದರೆ ಸಾಕು ಎಂಬ ಅರ್ಥದ ಸಲಹೆಯನ್ನು ಅವರು ವಿಜ್ಞಾನದ ಹೆಸರಲ್ಲಿ ಕೊಟ್ಟರು. ಮಕ್ಕಳನ್ನು ಎತ್ತಿಕೊಂಡೇ ಬೆಳೆಸುವ ನಮ್ಮ ಮನೆಗಳಿಗೆ ಇದು ನಗು ತರಿಸಬಹುದು. ಆದರೆ ಅಂದು ಲಕ್ಷಾಂತರ ಮಂದಿ ಇದನ್ನು ನಂಬಿದ್ದರು.

ಒಲಿಂಪಿಕ್ಸ್ ಚಿನ್ನದಿಂದ ಮಕ್ಕಳ ವಾರ್ಡಿಗೆ

ಆರು ಅಡಿಗಿಂತ ಎತ್ತರವಾಗಿ ಬೆಳೆದ ಸ್ಪಾಕ್ ಯೇಲ್ ವಿಶ್ವವಿದ್ಯಾಲಯದಲ್ಲಿ ದೋಣಿ ಹುಟ್ಟು ಹಾಕುವ ತಂಡ ಸೇರಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎಂಟು ಜನರ ದೋಣಿ ಸ್ಪರ್ಧೆಯಲ್ಲಿ ಆ ತಂಡಕ್ಕೆ ಚಿನ್ನದ ಪದಕ ಬಂತು. ಬೇಸಿಗೆ ರಜೆಯಲ್ಲಿ ಅಂಗವಿಕಲ ಮಕ್ಕಳ ಕೇಂದ್ರವೊಂದರಲ್ಲಿ ಮಾಡಿದ ಕೆಲಸ ಅವರನ್ನು ವೈದ್ಯಕೀಯದತ್ತ ತಿರುಗಿಸಿತು. 1929ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ತರಗತಿಗೇ ಮೊದಲಿಗರಾಗಿ ವೈದ್ಯ ಪದವಿ ಪಡೆದರು. ಅದಕ್ಕೂ ಎರಡು ವರ್ಷ ಮೊದಲೇ ಜೇನ್ ಚೇನಿ ಅವರನ್ನು ಮದುವೆಯಾಗಿದ್ದರು.

1933ರಲ್ಲಿ ನ್ಯೂಯಾರ್ಕ್‌ನಲ್ಲಿ ಮಕ್ಕಳ ಕ್ಲಿನಿಕ್ ತೆರೆದಾಗ ಸ್ಪಾಕ್ ಒಂದು ವಿಷಯ ಗಮನಿಸಿದರು. ತಾಯಂದಿರು ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಬಹುಪಾಲು ಕಾಯಿಲೆಯ ಬಗ್ಗೆ ಇರುತ್ತಲೇ ಇರಲಿಲ್ಲ. ಮಗು ಊಟ ಮಾಡುವುದಿಲ್ಲ, ಬೆರಳು ಚೀಪುತ್ತದೆ, ರಾತ್ರಿ ಮಲಗುವುದಿಲ್ಲ, ಕತ್ತಲೆಗೆ ಹೆದರುತ್ತದೆ. ವೈದ್ಯಕೀಯ ಪುಸ್ತಕಗಳಲ್ಲಿ ಇವಕ್ಕೆ ಉತ್ತರವಿರಲಿಲ್ಲ. ಉತ್ತರ ಹುಡುಕಿಕೊಂಡು ಅವರು ಮನೋವಿಶ್ಲೇಷಣೆಯ ತರಬೇತಿ ಪಡೆದರು. ಮಕ್ಕಳ ವೈದ್ಯರೊಬ್ಬರು ಹೀಗೆ ಮನಸ್ಸಿನ ಶಾಸ್ತ್ರವನ್ನೂ ಕಲಿಯುವುದು ಆ ಕಾಲಕ್ಕೆ ತೀರಾ ಅಪರೂಪ.

ಕಾಲು ಡಾಲರ್ ಪುಸ್ತಕ

ಎರಡನೇ ಮಹಾಯುದ್ಧದ ಹೊತ್ತಿಗೆ ನೌಕಾಪಡೆಯಲ್ಲಿ ಮನೋವೈದ್ಯರಾಗಿ ಸೇವೆ ಮಾಡುತ್ತಲೇ ಸ್ಪಾಕ್ ತಮ್ಮ ಪುಸ್ತಕವನ್ನು ಮುಗಿಸಿದರು. ರಾತ್ರಿ ಅವರು ಬಾಯಲ್ಲಿ ಹೇಳುವುದು, ಜೇನ್ ಟೈಪ್ ಮಾಡುವುದು. ಆಕೆ ಬರೀ ಟೈಪ್ ಮಾಡಲಿಲ್ಲ. ಮಾಹಿತಿ ಹುಡುಕಿದರು, ತಿದ್ದಿದರು, ಅರ್ಥವಾಗದ್ದನ್ನು ಮತ್ತೆ ಕೇಳಿದರು. ಆದರೂ ಮುಖಪುಟದಲ್ಲಿ ಇದ್ದುದು ಒಂದೇ ಹೆಸರು. ಆ ನೋವು ಜೇನ್‌ಗೆ ಕೊನೆಯವರೆಗೂ ಇತ್ತು.

1946ರಲ್ಲಿ ಹೊರಬಂದ ಆ ಪುಸ್ತಕದ ಅಗ್ಗದ ಆವೃತ್ತಿಯ ಬೆಲೆ ಕೇವಲ ಕಾಲು ಡಾಲರ್. ಮೊದಲ ಆರು ತಿಂಗಳಲ್ಲೇ ಸುಮಾರು 5 ಲಕ್ಷ ಪ್ರತಿಗಳು ಹೋದವು. ಸ್ಪಾಕ್ ಬದುಕಿನ ಕೊನೆಯ ಹೊತ್ತಿಗೆ ಸುಮಾರು 40 ಭಾಷೆಗಳಲ್ಲಿ 5 ಕೋಟಿಯಷ್ಟು ಪ್ರತಿಗಳು ಮಾರಾಟವಾಗಿದ್ದವು. ಗುಟ್ಟು ಸರಳ. ಹಿಂದಿನವರೆಲ್ಲ ತಾಯಿಗೆ ಏನೂ ಗೊತ್ತಿಲ್ಲ ಎಂದು ಶುರು ಮಾಡಿದರೆ, ಸ್ಪಾಕ್ ಮೊದಲ ಪುಟದಲ್ಲೇ ಹೆತ್ತವರಿಗೆ ಧೈರ್ಯ ಹೇಳಿದರು. ನಿಮ್ಮ ಮೇಲೆ ನಿಮಗೆ ನಂಬಿಕೆ ಇರಲಿ, ಮಗುವನ್ನು ಮುದ್ದಿಸಲು ಹೆದರಬೇಡಿ, ಗಡಿಯಾರಕ್ಕಿಂತ ಮಗುವಿನ ಹಸಿವು ಮುಖ್ಯ ಎಂಬುದೇ ಅವರ ಮಾತಿನ ಸಾರ.

ನಿದ್ದೆಯ ಬಗ್ಗೆ ಸ್ಪಾಕ್ ನಿಜವಾಗಿ ಹೇಳಿದ್ದೇನು?

ಇಷ್ಟು ಮೃದು ವೈದ್ಯರು ನಿದ್ದೆಯ ವಿಷಯಕ್ಕೆ ಬಂದಾಗ ಅಚ್ಚರಿಯಾಗುವಷ್ಟು ಗಟ್ಟಿ. ಆರೋಗ್ಯವಾಗಿರುವ ಮಗು ಎತ್ತಿಕೊಂಡು ಓಡಾಡಿದರೆ ಮಾತ್ರ ಮಲಗುವ ಅಭ್ಯಾಸಕ್ಕೆ ಬಿದ್ದಿದ್ದರೆ, ಸರಿಯಾದ ಹೊತ್ತಿಗೆ ಹಾಸಿಗೆಗೆ ಹಾಕಿ, ಪ್ರೀತಿಯಿಂದ ಶುಭರಾತ್ರಿ ಹೇಳಿ, ಹೊರಗೆ ಬಂದುಬಿಡಿ, ಮತ್ತೆ ಒಳಗೆ ಹೋಗಬೇಡಿ ಎಂದರು. ಮೊದಲ ರಾತ್ರಿ ಇಪ್ಪತ್ತು ಮೂವತ್ತು ನಿಮಿಷ ಜೋರಾಗಿ ಅಳಬಹುದು, ಎರಡನೇ ರಾತ್ರಿ ಹತ್ತು ನಿಮಿಷ, ಮೂರನೇ ರಾತ್ರಿ ಹೆಚ್ಚಿನ ಮಕ್ಕಳು ಅಳುವುದೇ ಇಲ್ಲ ಎಂಬುದು ಅವರ ಲೆಕ್ಕ. ಮೂರು ರಾತ್ರಿಯ ಫಾರ್ವರ್ಡ್‌ನ ತಾತ ಇದೇ ಎಂದು ನಮಗನ್ನಿಸುತ್ತದೆ.

ಆದರೆ ಫಾರ್ವರ್ಡ್‌ಗಳಲ್ಲಿ ಬಿಟ್ಟುಹೋಗುವ ಅರ್ಧ ಭಾಗ ಇಲ್ಲಿದೆ. ಈ ಸಲಹೆ ಇದ್ದುದು ಹೆದರಿಕೆಯಿಲ್ಲದ, ಬರೀ ಅಭ್ಯಾಸದಿಂದ ಅಳುವ ಮಕ್ಕಳಿಗೆ. ಎರಡು ವರ್ಷದ ಆಸುಪಾಸಿನ ಮಗು ನಿಜಕ್ಕೂ ಹೆದರಿ ಅಳುತ್ತಿದ್ದರೆ ಸ್ಪಾಕ್ ಹೇಳಿದ ದಾರಿಯೇ ಬೇರೆ. ಅದರ ಹಾಸಿಗೆ ಪಕ್ಕ ಕುರ್ಚಿ ಹಾಕಿಕೊಂಡು ಆರಾಮವಾಗಿ ಕುಳಿತಿರಿ, ಅದು ನಿದ್ದೆ ಹೋಗುವವರೆಗೂ ಏಳುವ ಆತುರ ತೋರಿಸಬೇಡಿ, ಕದ್ದು ಹೊರಗೆ ನುಸುಳಬೇಡಿ. ಕದ್ದು ಹೋದರೆ ಮಗು ಇನ್ನಷ್ಟು ಎಚ್ಚರವಾಗಿ ಕಾವಲು ಕಾಯುತ್ತದೆ. ಇದಕ್ಕೆ ವಾರಗಟ್ಟಲೆ ಬೇಕಾಗಬಹುದು, ಆದರೆ ಹೆದರಿಕೆ ಇಳಿಯುತ್ತದೆ. ಒಂದೇ ಪುಸ್ತಕ, ಎರಡು ಮಕ್ಕಳು, ಎರಡು ಔಷಧಿ.

ಇನ್ನೊಂದು ಸಲಹೆಯಲ್ಲಿ ಅವರು ಬಿಗಿಯಾಗಿದ್ದರು. ಹೆದರಿದ ಮಗುವನ್ನು ಹೆತ್ತವರ ಹಾಸಿಗೆಗೆ ತಂದು ಮಲಗಿಸಿಕೊಳ್ಳಬಾರದು, ಒಮ್ಮೆ ತಂದರೆ ಬಿಡಿಸುವುದು ಕಷ್ಟ ಎಂದರು. ಇದರ ಹಿಂದೆ ಅಂದಿನ ಮನೋವಿಶ್ಲೇಷಣೆಯ ನಂಬಿಕೆಗಳಿದ್ದವು, ಅಮೆರಿಕದ ಮಧ್ಯಮ ವರ್ಗದ ಮನೆಯ ನಕ್ಷೆಯೂ ಇತ್ತು. ಮಗುವಿಗೊಂದು ಪ್ರತ್ಯೇಕ ಕೋಣೆ ಇರುವ ಮನೆಯಲ್ಲಿ ಕುಳಿತು ಬರೆದ ಮಾತು ಅದು. ಪ್ರಪಂಚದ ಎಲ್ಲ ಮಕ್ಕಳಿಗೂ ಅನ್ವಯಿಸುವ ಸಂಶೋಧನೆ ಅದರ ಹಿಂದೆ ಇರಲಿಲ್ಲ.

ಪ್ರಾಣಕ್ಕೆ ಕುತ್ತಾದ ಒಂದು ಸಲಹೆ

ಈಗ ಸ್ಪಾಕ್ ಜೀವನದ ಅತಿ ಭಾರವಾದ ಪುಟಕ್ಕೆ ಬರೋಣ. 1950ರ ದಶಕದ ಕೊನೆಯ ಹೊತ್ತಿಗೆ ಅವರ ಪುಸ್ತಕದಲ್ಲಿ ಒಂದು ಸಲಹೆ ಸೇರಿತ್ತು: ಹಸುಗೂಸನ್ನು ಹೊಟ್ಟೆ ಮೇಲೆ, ಅಂದರೆ ಬೋರಲಾಗಿ ಮಲಗಿಸುವುದು ಒಳ್ಳೆಯದು. ಕಾರಣ ಕೇಳಲು ಸರಿಯಾಗಿಯೇ ಇತ್ತು. ಅಂಗಾತ ಮಲಗಿದ ಮಗು ವಾಂತಿ ಮಾಡಿದರೆ ಉಸಿರುಗಟ್ಟಬಹುದು, ತಲೆ ಒಂದೇ ಕಡೆ ಚಪ್ಪಟೆಯಾಗಬಹುದು ಎಂದು ಅವರು ವಾದಿಸಿದರು. ಆ ಕಾಲದ ಬೇರೆ ವೈದ್ಯರೂ ಇದನ್ನೇ ಹೇಳುತ್ತಿದ್ದರು. ಕೋಟ್ಯಂತರ ಮನೆಗಳಲ್ಲಿ ಇದ್ದ ಪುಸ್ತಕ ಆ ಮಾತಿಗೆ ದೊಡ್ಡ ದನಿ ಕೊಟ್ಟಿತು.

ಆ ಸಲಹೆಯನ್ನು ಯಾರೂ ಪರೀಕ್ಷಿಸಿ ನೋಡಿರಲಿಲ್ಲ. ಆರೋಗ್ಯವಾಗಿದ್ದ ಶಿಶು ರಾತ್ರಿ ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುವ ಪ್ರಕರಣಗಳನ್ನು ಸಂಶೋಧಕರು ಹೋಲಿಸಿ ನೋಡಿದಾಗ, ಬೋರಲು ಮಲಗುವುದಕ್ಕೂ ಈ ಸಾವುಗಳಿಗೂ ನಂಟು ಕಾಣಿಸಿತು. 2005ರಲ್ಲಿ ಪ್ರಕಟವಾದ ಒಂದು ಪರಿಶೀಲನೆ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿತು. 1970ರ ವೇಳೆಗೇ ಸಿಕ್ಕಿದ್ದ ಸಾಕ್ಷ್ಯವನ್ನು ಕಲೆಹಾಕಿ ಸಲಹೆ ಬದಲಿಸಿದ್ದರೆ ಬ್ರಿಟನ್‌ನಲ್ಲಿ 10,000ಕ್ಕೂ ಹೆಚ್ಚು, ಯುರೋಪ್, ಅಮೆರಿಕ ಮತ್ತು ಆಸ್ಟ್ರೇಲಿಯಾ ಭಾಗಗಳಲ್ಲಿ ಕನಿಷ್ಠ 50,000 ಶಿಶುಗಳ ಸಾವು ತಪ್ಪಿಸಬಹುದಿತ್ತು ಎಂದು ಅದು ಅಂದಾಜಿಸಿತು.

1992ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಬೋರಲು ಮಲಗಿಸಬೇಡಿ ಎಂದಿತು. 1994ರಲ್ಲಿ ದೇಶವ್ಯಾಪಿ ಪ್ರಚಾರ ಶುರುವಾಯಿತು. ಮುಂದಿನ ವರ್ಷಗಳಲ್ಲಿ ಇಂಥ ಹಠಾತ್ ಸಾವುಗಳ ಪ್ರಮಾಣ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಸ್ಪಾಕ್ ಪುಸ್ತಕದ ನಂತರದ ಆವೃತ್ತಿಯೂ ಬದಲಾಗಿ ಅಂಗಾತ ಮಲಗಿಸಿ ಎಂದಿತು. ವಾಂತಿಯ ಭಯವೂ ಸುಳ್ಳಾಯಿತು. ಅಂಗಾತ ಮಲಗಿದಾಗ ಶ್ವಾಸನಾಳ ಅನ್ನನಾಳದ ಮೇಲ್ಭಾಗದಲ್ಲಿರುತ್ತದೆ. ಹಾಗಾಗಿ ಹೊರಬಂದ ಹಾಲು ಶ್ವಾಸನಾಳಕ್ಕೆ ಇಳಿಯುವುದು ಸುಲಭವಲ್ಲ.

ನಿಮ್ಮ ಮನೆಯಲ್ಲಿ ಒಂದು ವರ್ಷದೊಳಗಿನ ಮಗು ಇದ್ದರೆ ಇದೊಂದನ್ನು ಮರೆಯಬೇಡಿ: ಹಗಲಿರಲಿ, ರಾತ್ರಿಯಿರಲಿ, ಅಂಗಾತ ಮಲಗಿಸಿ. ಗಟ್ಟಿಯಾದ ಸಮತಟ್ಟು ಹಾಸಿಗೆ ಇರಲಿ, ಅದರ ಮೇಲೆ ದಿಂಬು, ಮೆತ್ತನೆ ಗೊಂಬೆ ಬೇಡ. ಒಂದು ವರ್ಷ ದಾಟಿ ಹೊರಳಾಡುವ, ಎದ್ದು ಕೂರುವ ಮಗು ತನಗೆ ಬೇಕಾದ ಹಾಗೆ ತಿರುಗಿ ಮಲಗಿದರೆ ಗಾಬರಿ ಬೇಕಿಲ್ಲ.

ಯುದ್ಧ, ಕೋರ್ಟು ಮತ್ತು ಹುಟ್ಟಿಕೊಂಡ ಸುಳ್ಳುಗಳು

1960ರ ದಶಕದಲ್ಲಿ ಸ್ಪಾಕ್ ಅಣ್ವಸ್ತ್ರ ಪರೀಕ್ಷೆ ವಿರುದ್ಧ, ಬಳಿಕ ವಿಯೆಟ್ನಾಂ ಯುದ್ಧದ ವಿರುದ್ಧ ಬೀದಿಗಿಳಿದರು. ತಮ್ಮ ಪುಸ್ತಕ ಓದಿ ಬೆಳೆಸಿದ ಮಕ್ಕಳನ್ನೇ ಯುದ್ಧಕ್ಕೆ ಕಳಿಸುತ್ತಿದ್ದಾರೆ ಎಂಬುದು ಅವರ ಸಂಕಟ. 1967ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜೊತೆ ಮೆರವಣಿಗೆಯಲ್ಲಿ ನಡೆದರು. ಕಡ್ಡಾಯ ಸೇನಾ ಸೇವೆ ತಪ್ಪಿಸಲು ಯುವಕರಿಗೆ ಪ್ರೇರಣೆ ಕೊಟ್ಟರೆಂಬ ಆರೋಪದಲ್ಲಿ 1968ರಲ್ಲಿ ಎರಡು ವರ್ಷದ ಜೈಲು ಶಿಕ್ಷೆಯಾಯಿತು. 1969ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದು ಮಾಡಿತು. 1972ರಲ್ಲಿ ಸಣ್ಣ ಪಕ್ಷವೊಂದರಿಂದ ಅಧ್ಯಕ್ಷ ಸ್ಥಾನಕ್ಕೂ ಸ್ಪರ್ಧಿಸಿದರು.

ರಾಜಕೀಯ ವಿರೋಧಿಗಳಿಗೆ ಇಷ್ಟು ಸಾಕಾಯಿತು. ಯುವಕರು ಬಂಡಾಯ ಏಳಲು ಸ್ಪಾಕ್ ಪುಸ್ತಕವೇ ಕಾರಣ, ಮಕ್ಕಳಿಗೆ ಏನನ್ನೂ ಬೇಡ ಎನ್ನಬೇಡಿ ಎಂದವರು ಇವರೇ ಎಂಬ ಪ್ರಚಾರ ಶುರುವಾಯಿತು. ಇದು ಪುಸ್ತಕಕ್ಕೆ ಒಪ್ಪುವ ಮಾತಲ್ಲ. 1957ರ ಆವೃತ್ತಿಯಲ್ಲೇ ಮಕ್ಕಳಿಗೆ ಮಿತಿ ಹಾಕುವುದರ ಅಗತ್ಯವನ್ನು ಅವರು ಇನ್ನಷ್ಟು ಒತ್ತಿ ಬರೆದಿದ್ದರು. ಮಲಗುವ ಹೊತ್ತಿನ ಬಗ್ಗೆ ಅವರೆಷ್ಟು ಬಿಗಿ ಎಂದು ಈಗಾಗಲೇ ನೋಡಿದ್ದೇವೆ.

ಎರಡನೇ ಸುಳ್ಳು ಹೆಚ್ಚು ಕ್ರೂರ. ಸ್ಪಾಕ್ ಮಗ ಆತ್ಮಹತ್ಯೆ ಮಾಡಿಕೊಂಡ, ಹಾಗಾಗಿ ಅವರ ಸಲಹೆಗೆ ಬೆಲೆಯಿಲ್ಲ ಎಂಬ ಸಂದೇಶ ಇಮೇಲ್ ಕಾಲದಿಂದ ಇಂದಿನವರೆಗೂ ಓಡಾಡುತ್ತಿದೆ. ಇದು ಸುಳ್ಳು. ಸ್ಪಾಕ್‌ಗೆ ಇಬ್ಬರು ಗಂಡುಮಕ್ಕಳು. ಇಬ್ಬರೂ ದೊಡ್ಡವರಾಗಿ ತಮ್ಮ ತಮ್ಮ ಬದುಕು ಕಟ್ಟಿಕೊಂಡರು. ಹಿರಿಯ ಮಗ ಮೈಕಲ್ ಬಾಸ್ಟನ್ ಮಕ್ಕಳ ಮ್ಯೂಸಿಯಂನ ನಿರ್ದೇಶಕರಾಗಿ ಹೆಸರು ಮಾಡಿದವರು. 1983ರಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡದ್ದು ಸ್ಪಾಕ್ ಅವರ ಮೊಮ್ಮಗ. ಆ ಯುವಕ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದ. ಅದಕ್ಕೂ ತಾತ ಬರೆದ ಪುಸ್ತಕಕ್ಕೂ ಸಂಬಂಧ ಕಟ್ಟುವುದು ಕಾಯಿಲೆಯ ಬಗೆಗಿನ ಅಜ್ಞಾನ. ನಿಮ್ಮ ಹತ್ತಿರದವರು ಯಾರಾದರೂ ಇಂಥ ಕಷ್ಟದಲ್ಲಿದ್ದರೆ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮಾತನಾಡಬಹುದು.

ಮೂರನೆಯದು ನಿರುಪದ್ರವಿ. ಸ್ಟಾರ್ ಟ್ರೆಕ್ ಧಾರಾವಾಹಿಯ ಚೂಪು ಕಿವಿಯ ಸ್ಪಾಕ್‌ಗೂ ಈ ಡಾಕ್ಟರ್‌ಗೂ ಯಾವ ಸಂಬಂಧವೂ ಇಲ್ಲ.

ಸ್ಪಾಕ್ ಮನೆಯೊಳಗೆ ಹೇಗಿದ್ದರು? ಜಗತ್ತಿಗೆ ಮಕ್ಕಳನ್ನು ಮುದ್ದಿಸಿ ಎಂದವರು ತಮ್ಮ ಮಕ್ಕಳ ಜೊತೆ ಬಿಗಿಯಾಗಿಯೇ ಇದ್ದರು, ಮುತ್ತಿಡುವ ತಂದೆ ಆಗಿರಲಿಲ್ಲ ಎಂದು ಮಕ್ಕಳೇ ನಂತರ ನೆನಪಿಸಿಕೊಂಡಿದ್ದಾರೆ. ಚಳಿ ಜಗಲಿಯಲ್ಲಿ ಬೆಳೆದವರಿಗೆ ಅದು ಸುಲಭವಿರಲಿಲ್ಲ. ಆದರೆ ಅವರಿಗೆ ಬದಲಾಗುವ ಗುಣವಿತ್ತು. ಸ್ತ್ರೀವಾದಿಗಳು 1970ರ ದಶಕದಲ್ಲಿ ಟೀಕಿಸಿದಾಗ ಕೇಳಿಸಿಕೊಂಡರು. 1976ರ ಆವೃತ್ತಿಯಲ್ಲಿ ಮಗುವನ್ನು ಯಾವಾಗಲೂ ಗಂಡು ಎಂದೇ ಬರೆಯುವುದನ್ನು ಬಿಟ್ಟರು, ಮಗುವಿನ ಕೆಲಸದಲ್ಲಿ ಅಪ್ಪನಿಗೂ ಸಮಪಾಲು ಎಂದು ತಿದ್ದಿ ಬರೆದರು. ಅದೇ ವರ್ಷ ಜೇನ್ ಜೊತೆಗಿನ ದಾಂಪತ್ಯ ವಿಚ್ಛೇದನದಲ್ಲಿ ಮುಗಿಯಿತು, ಮೇರಿ ಮಾರ್ಗನ್ ಅವರನ್ನು ಮದುವೆಯಾದರು. 1998ರ ಮಾರ್ಚ್ 15ರಂದು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡಾಗ ಅವರಿಗೆ 94 ವರ್ಷ.

ಇಂದಿನ ವಿಜ್ಞಾನ ಯಾರ ಪರ?

ಮೊದಲು ನಿದ್ದೆಯ ಲೆಕ್ಕ. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ಐದು ವರ್ಷಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ರಾತ್ರಿಯಿಡೀ ಒಂದೇ ಸಮನೆ ಯಾವ ಮಗುವೂ ಮಲಗುವುದಿಲ್ಲ. ನಿದ್ದೆಯ ಒಂದು ಸುತ್ತು ಮುಗಿದಾಗ ದೊಡ್ಡವರಂತೆ ಮಕ್ಕಳೂ ಅರೆ ಎಚ್ಚರವಾಗುತ್ತಾರೆ. ತೊಡೆ ಮೇಲೆ ತೂಗಿಸಿಕೊಂಡು ಮಲಗಿದ ಮಗು ಎಚ್ಚರವಾದಾಗ ಆ ತೊಡೆಯನ್ನೇ ಹುಡುಕುತ್ತದೆ. ತನ್ನ ಹಾಸಿಗೆಯಲ್ಲಿ ತಾನೇ ಕಣ್ಣು ಮುಚ್ಚಿದ ಮಗು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತದೆ.

ಅಳಲು ಬಿಟ್ಟರೆ ಮೆದುಳು ಹಾಳಾಗುತ್ತದೆಯೇ? ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ನಿದ್ದೆಯ ತೊಂದರೆ ಇದ್ದ 326 ಶಿಶುಗಳ ಮೇಲೆ ಅಧ್ಯಯನ ನಡೆಯಿತು. ಒಂದು ಗುಂಪಿನ ಹೆತ್ತವರಿಗೆ ಎರಡು ವಿಧಾನ ಕಲಿಸಿದರು: ಸ್ವಲ್ಪ ಸ್ವಲ್ಪ ಹೊತ್ತಿಗೆ ಬಂದು ಸಮಾಧಾನ ಮಾಡಿ ಹೋಗುವುದು, ಇಲ್ಲವೇ ಪಕ್ಕದಲ್ಲಿ ಕುಳಿತು ರಾತ್ರಿಯಿಂದ ರಾತ್ರಿಗೆ ಕುರ್ಚಿಯನ್ನು ದೂರ ಸರಿಸುವುದು. ಆ ಮಕ್ಕಳಿಗೆ ಆರು ವರ್ಷವಾದಾಗ ಮತ್ತೆ ಪರೀಕ್ಷಿಸಿ, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ನಡವಳಿಕೆ, ಭಾವನೆ, ಹೆತ್ತವರ ಜೊತೆಗಿನ ನಂಟು, ಯಾವುದರಲ್ಲೂ ಹಾನಿ ಕಾಣಲಿಲ್ಲ. ದೀರ್ಘಕಾಲದ ವಿಶೇಷ ಲಾಭವೂ ಕಾಣಲಿಲ್ಲ. ಎರಡೂ ಕಡೆಯ ಫಾರ್ವರ್ಡ್‌ಗಳು ತಣ್ಣಗಾಗಲು ಇಷ್ಟು ಸಾಕು. ಹೆದರಿದ ಮಗುವಿಗೆ ಸ್ಪಾಕ್ ಸೂಚಿಸಿದ ಕುರ್ಚಿ ಈ ಎರಡನೇ ವಿಧಾನದಲ್ಲಿ ಇನ್ನೂ ಉಳಿದಿದೆ.

ಹೆತ್ತವರ ಪಕ್ಕ ಮಲಗುವುದು ತಪ್ಪೇ? 2010ರಲ್ಲಿ ಪ್ರಕಟವಾದ, ಭಾರತವೂ ಸೇರಿ 17 ದೇಶ ಮತ್ತು ಪ್ರದೇಶಗಳ 29,287 ಮಕ್ಕಳ ಸಮೀಕ್ಷೆಯಲ್ಲಿ ಏಷ್ಯಾದ ಮಕ್ಕಳು ಹೆತ್ತವರ ಕೋಣೆ ಅಥವಾ ಹಾಸಿಗೆ ಹಂಚಿಕೊಳ್ಳುವುದು ಹೆಚ್ಚು ಎಂದು ಕಂಡುಬಂತು. ಮಲಗುವ ಸಮಯವೂ ತಡ. ಒಂದು ವರ್ಷ ದಾಟಿದ ಮಗು ಅಜ್ಜಿಯ ಮಗ್ಗುಲಲ್ಲಿ ಮಲಗಿದರೆ ಅದು ರೋಗವಲ್ಲ. ಎಲ್ಲರಿಗೂ ನಿದ್ದೆ ಬರುತ್ತಿದ್ದರೆ ಬದಲಿಸಬೇಕಾದ್ದು ಏನೂ ಇಲ್ಲ. ಯಾರಿಗೂ ನಿದ್ದೆ ಆಗುತ್ತಿಲ್ಲ, ಇನ್ನೊಂದು ಮಗು ಬರುತ್ತಿದೆ, ಅಥವಾ ನಿಮಗೇ ಬದಲಾವಣೆ ಬೇಕು ಎಂದಾದರೆ ಹೀಗೆ ಮಾಡಿ:

• ದಿನವೂ ಒಂದೇ ಹೊತ್ತಿಗೆ, ಒಂದೇ ಕ್ರಮದಲ್ಲಿ ಮಲಗಿಸಿ: ಸ್ನಾನ ಅಥವಾ ಕೈಕಾಲು ತೊಳೆಯುವುದು, ಹಲ್ಲುಜ್ಜುವುದು, ಒಂದು ಕಥೆ, ದೀಪ ಆರಿಸುವುದು. ಅದಕ್ಕೂ ಒಂದು ಗಂಟೆ ಮೊದಲೇ ಮೊಬೈಲ್, ಟಿವಿ ಬಂದ್.

• ಮಗುವಿನ ಹಾಸಿಗೆಯನ್ನು ಮೊದಲು ನಿಮ್ಮ ಕೋಣೆಯಲ್ಲೇ ಹಾಕಿ. ನೆಲದ ಮೇಲಿನ ಹಾಸಿಗೆಯೂ ಸಾಕು, ಬೀಳುವ ಭಯವಿರುವುದಿಲ್ಲ.

• ನಿದ್ದೆ ಬರುತ್ತಿರುವಾಗಲೇ, ಪೂರ್ತಿ ನಿದ್ದೆ ಹೋಗುವ ಮುಂಚೆ ಹಾಸಿಗೆಗೆ ಹಾಕಿ. ಪಕ್ಕದಲ್ಲಿ ಕುಳಿತಿರಿ. ಎರಡು ಮೂರು ರಾತ್ರಿಗೊಮ್ಮೆ ಸ್ವಲ್ಪ ದೂರ ಸರಿಯಿರಿ.

• ರಾತ್ರಿ ಎದ್ದು ನಿಮ್ಮ ಬಳಿ ಬಂದರೆ ಬೈಯಬೇಡಿ, ಹೆಚ್ಚು ಮಾತೂ ಬೇಡ. ಕೈ ಹಿಡಿದು ಅದರ ಹಾಸಿಗೆಗೇ ಮರಳಿ ಬಿಡಿ. ಇದನ್ನು ಅಮ್ಮ ಒಬ್ಬಳೇ ಮಾಡಬೇಕಿಲ್ಲ. ಮನೆಯವರೆಲ್ಲ ಒಂದೇ ನಿಯಮ ಪಾಲಿಸಿ.

• ಜ್ವರ, ಕಿವಿ ನೋವು, ಹೊಸ ಮನೆ, ಹೊಸ ತಮ್ಮ ತಂಗಿ ಇರುವಾಗ ಶುರು ಮಾಡಬೇಡಿ. ಗಟ್ಟಿಯಾಗಿ ಗೊರಕೆ ಹೊಡೆದರೆ, ಉಸಿರು ಕಟ್ಟಿದಂತಾದರೆ ವೈದ್ಯರಿಗೆ ತೋರಿಸಿ.

• ನಿದ್ದೆ ಬರಲೆಂದು ನೆಗಡಿ ಸಿರಪ್ ಕೊಡಬೇಡಿ. ಮಕ್ಕಳಿಗೆ ಅದು ಅಪಾಯ.

ಫಾರ್ವರ್ಡ್ ಮಾಡುವ ಮುನ್ನ

ಸ್ಪಾಕ್ ಪ್ರಾಮಾಣಿಕರು, ಕಲಿತವರು, ಮಕ್ಕಳ ಹಿತ ಬಯಸಿದವರು. ಆದರೂ ಪರೀಕ್ಷಿಸದ ಒಂದು ಸಲಹೆ ಅವರ ಹೆಸರಿನ ಬಲದಿಂದ ಮನೆಮನೆ ತಲುಪಿ ಹಾನಿ ಮಾಡಿತು. ಹೇಳಿದವರು ದೊಡ್ಡವರು ಎಂಬುದು ಸಾಕ್ಷ್ಯವಲ್ಲ. ಹಾಗೆಯೇ ಅವರ ಕುಟುಂಬದ ಬಗ್ಗೆ ಸುಳ್ಳು ಕಟ್ಟಿದ ಮಾತ್ರಕ್ಕೆ ಅವರ ಒಳ್ಳೆಯ ಸಲಹೆ ಕೆಟ್ಟದಾಗುವುದೂ ಇಲ್ಲ. ಮಕ್ಕಳ ನಿದ್ದೆಯ ಬಗ್ಗೆ ಮುಂದಿನ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ: ಇದು ಯಾವ ವಯಸ್ಸಿನ ಮಗುವಿಗೆ? ಇದನ್ನು ಯಾರಾದರೂ ಪರೀಕ್ಷಿಸಿದ್ದಾರೆಯೇ? ಬಿಟ್ಟುಹೋದ ಅರ್ಧ ಭಾಗ ಯಾವುದು? ಉತ್ತರ ಸಿಗದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ. ಹಸುಗೂಸನ್ನು ಅಂಗಾತ ಮಲಗಿಸಿ ಎಂಬ ಮಾತನ್ನು ಮಾತ್ರ ಧೈರ್ಯವಾಗಿ ಎಲ್ಲ ಗುಂಪಿಗೂ ಕಳಿಸಿ.